ಹೆಸರು ಹಾಕಿಸಿದ ಜರ್ಸಿ ಕೊಂಡ್ರೆ ಆ ಆಟಗಾರನಿಗೆ ಏನಾದ್ರೂ ಆಗುತ್ತೆ. ಈಗ ಮಗಳಿಗೆ ಶ್ರೇಯಾಂಕಾ ಜರ್ಸಿ ಬೇಕಂತೆ, ಕೊಡಿಸಲಾ ಬೇಡವಾ?

ಕಣಜ_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಕಲಬುರಗಿಯವನು, ಶಹಾಬಜಾರ್ ಕಡೆ ಮನೆ. 2008ರಿಂದ ಆರ್‌ಸಿಬಿ ಬಿಟ್ಟು ಬೇರೆ ಟೀಮ್‌ಗೆ ಮನಸ್ಸು ಕೊಟ್ಟವನಲ್ಲ. ಇಷ್ಟು ವರ್ಷ ನೋಡಿ ನೋಡಿ ನನಗೆ ಒಂದು ಭಯ ಗಟ್ಟಿಯಾಗಿ ಕೂತಿದೆ. ನಾನು ಯಾರ ಹೆಸರಿನ ಜರ್ಸಿ ಕೊಳ್ಳುತ್ತೇನೋ ಅವನಿಗೆ ಒಂದೋ ಪೆಟ್ಟಾಗುತ್ತದೆ, ಇಲ್ಲಾ ಅವನು ಟೀಮ್ ಬಿಟ್ಟು ಹೋಗುತ್ತಾನೆ.

ಮೊದಲು ರಾಹುಲ್. 2016ರಲ್ಲಿ ನಮ್ಮ ಹುಡುಗ 397 ರನ್ ಹೊಡೆದ, ಕೀಪಿಂಗೂ ಮಾಡಿದ. ಸೀಸನ್ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಹೋಗಿ ಅವನ ಹೆಸರು ಹಾಕಿಸಿಕೊಂಡು ಬಂದೆ. 2017ಕ್ಕೆ ಭುಜದ ನೋವು, ಇಡೀ ಐಪಿಎಲ್ ಆಡಲಿಲ್ಲ. 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬ್ ಪಾಲಾದ.

ಆಮೇಲೆ ಪಡಿಕ್ಕಲ್. 2021ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಮೇಲೆ ಔಟಾಗದೆ 101 ಹೊಡೆದ, ಹತ್ತು ವಿಕೆಟ್‌ನಿಂದ ಗೆದ್ದೆವು. ಆ ಖುಷಿಗೆ ಕೊಂಡೆ. ಮುಂದಿನ ವರ್ಷ ಅವನನ್ನು ಕೊಂಡದ್ದು ಯಾರು ಗೊತ್ತಾ? ಅದೇ ರಾಜಸ್ಥಾನ. ಜರ್ಸಿಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟುಬಿಟ್ಟೆ. 2025ಕ್ಕೆ ಅವನು ವಾಪಸ್ ನಮ್ಮ ಟೀಮಿಗೆ ಬಂದಾಗ ಹೊರಗೆ ತೆಗೆದು ನಾಲ್ಕೈದು ಮ್ಯಾಚಿಗೆ ಹಾಕಿದೆ, ಚೆನ್ನಾಗಿ ಆಡುತ್ತಿದ್ದ, ಮೇ ತಿಂಗಳಲ್ಲಿ ತೊಡೆಯ ಸ್ನಾಯು ಎಳೆದುಕೊಂಡು ಹೊರಗೆ ಹೋದ, ಅವನ ಜಾಗಕ್ಕೆ ಮಯಾಂಕ್ ಬಂದ. ಕಪ್ ಗೆದ್ದ ರಾತ್ರಿ ಅವನು ಆಡಲಿಲ್ಲ.

ಮೂರನೆಯವನು ಸಿರಾಜ್. ಹೈದರಾಬಾದಿನ ಹುಡುಗ, ನಮ್ಮ ಪಕ್ಕದವನೇ ಅನ್ನೋ ಹಾಗೆ. 2023ರಲ್ಲಿ ನಮಗೆ 19 ವಿಕೆಟ್ ತೆಗೆದ, ಏಷ್ಯಾ ಕಪ್ ಫೈನಲ್‌ನಲ್ಲಿ 21 ರನ್ನಿಗೆ 6. ಇವನು ಎಲ್ಲೂ ಹೋಗಲ್ಲ ಅಂತ ಕೊಂಡೆ. 2024ರ ನವೆಂಬರ್ ಹರಾಜಿನಲ್ಲಿ ಗುಜರಾತಿಗೆ ಹೋದ.

ಇಲ್ಲಿವರೆಗೆ ನಾನೂ ತಡೆದುಕೊಂಡಿದ್ದೆ. ಆದರೆ 2025ರ ಏಪ್ರಿಲ್ 2ಕ್ಕೆ ಸಿರಾಜ್ ಚಿನ್ನಸ್ವಾಮಿಗೆ ಬಂದು 19 ರನ್ನಿಗೆ 3 ವಿಕೆಟ್ ತೆಗೆದು ನಮ್ಮನ್ನು ಸೋಲಿಸಿದ. ಎಂಟು ದಿನ ಬಿಟ್ಟು ರಾಹುಲ್ ಡೆಲ್ಲಿ ಪರ ಬಂದು ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, ಇದು ನನ್ನ ಜಾಗ ಅನ್ನೋ ಹಾಗೆ ಕುಟ್ಟಿದ. ಎರಡೂ ಹೆಸರು ನನ್ನ ಟ್ರಂಕಿನಲ್ಲಿದ್ದವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಜೂನ್ 3ರ ಫೈನಲ್‌ಗೆ ಯಾವ ಜರ್ಸಿಯನ್ನೂ ಮುಟ್ಟಲಿಲ್ಲ. ಬರೀ ಹಳೆ ಬನಿಯನ್ ಹಾಕಿಕೊಂಡು ಕೂತು ನೋಡಿದೆ. 6 ರನ್ನಿಂದ ಗೆದ್ದೆವು. ಹದಿನೆಂಟು ವರ್ಷ ಕಾದದ್ದು ಬಂತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳಿಗೆ ಹತ್ತು ವರ್ಷ. ಓಣಿಯಲ್ಲಿ ಹುಡುಗರ ಜೊತೆ ಆಫ್‌ಸ್ಪಿನ್ ಹಾಕುತ್ತಾಳೆ. 2024ರ ಮಾರ್ಚ್ 17ಕ್ಕೆ ನಮ್ಮ ಹೆಣ್ಣುಮಕ್ಕಳು ಕಪ್ ಗೆದ್ದಾಗ, ಫೈನಲ್‌ನಲ್ಲಿ ಶ್ರೇಯಾಂಕಾ 12 ರನ್ನಿಗೆ 4 ವಿಕೆಟ್ ತೆಗೆದದ್ದನ್ನು ನನ್ನ ತೊಡೆ ಮೇಲೆ ಕೂತು ನೋಡಿದಳು. ಅವತ್ತಿನಿಂದ ಅವಳಿಗೆ ಶ್ರೇಯಾಂಕಾ ಹೆಸರಿನ ಜರ್ಸಿ ಬೇಕು. ಆ ವರ್ಷದ ದೀಪಾವಳಿ ದಿನ, ಕೊಡಿಸುತ್ತೇನೆ ಅಂತ ಮಾತು ಕೊಟ್ಟೆ. ಬರೀ ಮಾತು, ಅಷ್ಟೇ. 2025ರ ಡಬ್ಲ್ಯುಪಿಎಲ್‌ಗೆ, ಅಂದರೆ ಹೆಣ್ಣುಮಕ್ಕಳ ಐಪಿಎಲ್‌ಗೆ, ಶ್ರೇಯಾಂಕಾಗೆ ಗಾಯ, ಇಡೀ ಸೀಸನ್ ಹೋಯಿತು.

ಕೊಳ್ಳುವುದಿರಲಿ, ಕೊಳ್ಳುತ್ತೇನೆ ಅಂದದ್ದಕ್ಕೇ ಹೀಗಾಯಿತಲ್ಲ ಅಂತ ನನಗೆ ಒಳಗೇ ಕೊರೆಯುತ್ತಿದೆ. ಇದುವರೆಗೆ ಮೂರು ಸಲ ನೆಪ ಹೇಳಿ ಮುಂದೆ ಹಾಕಿದ್ದೇನೆ. ಮೊನ್ನೆ ಅವಳು ಜಗಳ ಮಾಡಲಿಲ್ಲ, ಅಳಲಿಲ್ಲ. "ಅಣ್ಣನಿಗೆ ಕೇಳಿದ ದಿನವೇ ಕೊಡಿಸಿದ್ರಿ" ಅಂದಳು. ಅಷ್ಟೇ. ನಿಜ ಕಾರಣವನ್ನು ಅವಳಿಗೆ ಹೇಗೆ ಹೇಳಲಿ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಹೆಸರಿಲ್ಲದ ಜರ್ಸಿ ಕೊಡಿಸಿದರೆ ನಡೆಯುತ್ತಾ?

ಹದಿನೆಂಟರವ:

ಅಣ್ಣ, ನಾನೂ ಕಲಬುರಗಿಯವನೇ, ಸೇಡಂ ರೋಡ್. ನಿಮ್ಮ ಮಾತು ಓದಿ ಎದೆ ಭಾರ ಆಯಿತು. ನಂಬಿಕೆ ಅನ್ನುವುದನ್ನು ಯಾರೂ ಸುಮ್ನೆ ಇಟ್ಟುಕೊಳ್ಳಲ್ಲ, ಪೆಟ್ಟು ತಿಂದೇ ಬರುತ್ತದೆ.

ನನ್ನ ಸಲಹೆ ಒಂದೇ, 18ನೇ ನಂಬರಿನ ಜರ್ಸಿ ಕೊಡಿಸಿ. ಕೊಹ್ಲಿ 2008ರಿಂದ ಒಂದೇ ಟೀಮ್. ಹೆಣ್ಣುಮಕ್ಕಳ ಟೀಮಿನಲ್ಲಿ ಸ್ಮೃತಿಯ ನಂಬರೂ 18. ಆ ನಂಬರಿನ ಮೇಲೆ ನನಗಿರುವಷ್ಟು ನಂಬಿಕೆ ಯಾವುದರ ಮೇಲೂ ಇಲ್ಲ. 2016ರ ಮೇ 18ಕ್ಕೆ ಕೈಗೆ ಹೊಲಿಗೆ ಹಾಕಿಸಿಕೊಂಡು ಪಂಜಾಬ್ ಮೇಲೆ 113 ಹೊಡೆದ. 2023ರ ಮೇ 18ಕ್ಕೆ ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣದಲ್ಲಿ ನೂರು. 2024ರ ಮೇ 18ಕ್ಕೆ ಚೆನ್ನೈಯನ್ನು 27 ರನ್ನಿಂದ ಸೋಲಿಸಿ ಪ್ಲೇ ಆಫ್‌ಗೆ ಹೋದೆವು. ಹದಿನೆಂಟನೇ ಸೀಸನ್‌ಗೆ ಕಪ್ ಬಂತು. ಆದರೆ ಆ ನಂಬರಿನ ಜೊತೆ ಅವನಿಗೆ ಇರುವ ನೋವು ಎಲ್ಲರಿಗೂ ಗೊತ್ತಿಲ್ಲ. ಅವನ ಅಪ್ಪ ತೀರಿಕೊಂಡದ್ದು 2006ರ ಡಿಸೆಂಬರ್ 18. ಆಗ ಅವನು ಡೆಲ್ಲಿಯಲ್ಲಿ ನಮ್ಮ ಕರ್ನಾಟಕದ ವಿರುದ್ಧವೇ ರಣಜಿ ಆಡುತ್ತಿದ್ದ. ಆ ದುಃಖದಲ್ಲೂ ಮೈದಾನಕ್ಕೆ ಬಂದು 90 ಹೊಡೆದ. ಅಂಥ ನಂಬರ್ ಅದು.

ಇನ್ನೊಂದು ಮಾತು ಹೇಳಬೇಕು, ಇದು ನಿಮಗೆ ಉಪಯೋಗ ಆಗಬಹುದು. ನನ್ನ ನಂಬಿಕೆ ಜರ್ಸಿ ಕೊಳ್ಳುವುದರಲ್ಲಿ ಇರಲಿಲ್ಲ, ಒಗೆಯುವುದರಲ್ಲಿ ಇತ್ತು. ಗೆಲ್ಲುತ್ತಾ ಇರುವವರೆಗೆ ಒಗೆಯಬಾರದು. 2016ರಲ್ಲಿ ಸಾಲಾಗಿ ಗೆದ್ದು ಫೈನಲ್‌ಗೆ ಬಂದೆವು, ಮೇ ತಿಂಗಳ ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ಪಾಲಿಸ್ಟರ್ ಬಟ್ಟೆ, ಬೆವರು ಒಣಗಿ ಬೆನ್ನ ಮೇಲೆ ಉಪ್ಪಿನ ಗೆರೆ ಬಿದ್ದಿತ್ತು, ಆದರೂ ಒಗೆಯಲು ಬಿಟ್ಟಿರಲಿಲ್ಲ. ಫೈನಲ್ ದಿನ ಬೆಳಿಗ್ಗೆ ಅವ್ವ ನನಗೆ ಗೊತ್ತಿಲ್ಲದೆ ಒಗೆದು ಮಾಳಿಗೆ ಮೇಲೆ ಹಾಕಿದಳು. ಮಗ ಸ್ವಚ್ಛ ಬಟ್ಟೆ ಹಾಕಿಕೊಂಡು ಫೈನಲ್ ನೋಡಲಿ ಅಂತ ಅವಳ ಆಸೆ. 209 ಬೇಕಿತ್ತು, ಹತ್ತೂವರೆ ಓವರಿಗೆ ವಿಕೆಟ್ ಹೋಗದೆ 114 ಇದ್ದೆವು, ಕೊನೆಗೆ 8 ರನ್ನಿಂದ ಸೋತೆವು. ಅವತ್ತು ರಾತ್ರಿ ಅವ್ವನ ಮೇಲೆ ಕೂಗಾಡಿದೆ. ನಿನ್ನಿಂದ ಸೋತ್ವಿ ಅಂದೆ. ಅವಳು ನಂಬಿದಳು. ಅದೇ ನನಗೆ ಇವತ್ತಿಗೂ ಸಂಕಟ. ಆಮೇಲೆ ಮೂರ್ನಾಲ್ಕು ವರ್ಷ, ಐಪಿಎಲ್ ಶುರು ಆದರೆ ಸಾಕು, ನನ್ನ ಬಟ್ಟೆ ಮುಟ್ಟುವ ಮುಂಚೆ "ಒಗೀಲಾ?" ಅಂತ ಕೇಳುತ್ತಿದ್ದಳು. ಈಗ ಅವಳಿಲ್ಲ.

ನಂಬಿಕೆ ಇಟ್ಟುಕೊಳ್ಳಿ ಅಣ್ಣ, ನಾನು ಬೇಡ ಅನ್ನಲ್ಲ. ಮನೆಯವರ ಮೇಲೆ ಅದು ಬೀಳದ ಹಾಗೆ ನೋಡಿಕೊಳ್ಳಿ.

ಬೀದರ್_ಟು_ಉಪ್ಪಲ್:

ನಮ್ಮ ಬೀದರ್‌ನವರಿಗೆ ಚಿನ್ನಸ್ವಾಮಿ ಅಂದರೆ ಒಂದು ರಾತ್ರಿ ಪ್ರಯಾಣ. ಉಪ್ಪಲ್ ಆದರೆ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಸೇರಬಹುದು. ಹಾಗಾಗಿ ನಮ್ಮಲ್ಲಿ ಅರ್ಧ ಮನೆ ಕೆಂಪು, ಅರ್ಧ ಮನೆ ಕಿತ್ತಳೆ. ನನ್ನ ಸ್ವಂತ ತಮ್ಮ ಹೈದರಾಬಾದ್ ಕಡೆ. 2009ರ ಫೈನಲ್ ಆಗಿನ ಹೈದರಾಬಾದ್ ಟೀಮ್ ಡೆಕ್ಕನ್ ಚಾರ್ಜರ್ಸ್ ಮೇಲೆ 6 ರನ್ನಿಂದ ಸೋತದ್ದು, 2016 ಮತ್ತೆ ಹೈದರಾಬಾದ್ ಮೇಲೆ ಸೋತದ್ದು, ಎರಡನ್ನೂ ಅವನ ಪಕ್ಕದಲ್ಲೇ ಕೂತು ನೋಡಿದ್ದೇನೆ. 2009ರಲ್ಲಿ 6 ರನ್ನಿಂದ ಸೋತವರು 2025ರಲ್ಲಿ ಅದೇ 6 ರನ್ನಿಂದ ಗೆದ್ದರಲ್ಲ, ಅವತ್ತು ಅವನೇ ಎದ್ದು ಬಂದು ನನ್ನನ್ನು ಅಪ್ಪಿಕೊಂಡ.

ನನ್ನ ನಿಯಮ ಹೇಳುತ್ತೇನೆ. ಮ್ಯಾಚ್ ದಿನ ಕ್ರೀಡಾಂಗಣದ ಹೊರಗೆ ಜರ್ಸಿ ಕೊಳ್ಳಬಾರದು. ಮನೆಯಿಂದಲೇ ಹಾಕಿಕೊಂಡು ಹೋಗಬೇಕು. 2024ರ ಏಪ್ರಿಲ್ 25ಕ್ಕೆ ಹಾಗೇ ಹೋದೆ, ಸಾಲಾಗಿ ಆರು ಸೋತು ಹೋಗಿದ್ದೆವು, ಹತ್ತು ದಿನದ ಹಿಂದಷ್ಟೇ ಇದೇ ಹೈದರಾಬಾದ್ ನಮ್ಮ ಮೇಲೆ 287 ಹೊಡೆದಿತ್ತು, ಇಡೀ ಉಪ್ಪಲ್ ಕಿತ್ತಳೆ, ನಾನು ಹಳೆಯ ಕೆಂಪು ಕಪ್ಪು ಜರ್ಸಿಯಲ್ಲಿ ಕೂತಿದ್ದೆ. ಪಾಟೀದಾರ್ 20 ಬಾಲಿಗೆ 50 ಹೊಡೆದ, 35 ರನ್ನಿಂದ ಗೆದ್ದೆವು. ಅಲ್ಲಿಂದಲೇ ಆರು ಗೆಲುವು ಸಾಲಾಗಿ ಬಂತು.

ಹಸಿರು ಜರ್ಸಿ ಮಾತ್ರ ಯಾರೂ ಕೊಳ್ಳಬೇಡಿ ಅಂತ ನಾನೂ ಹೇಳುತ್ತಿದ್ದೆ. 2011ರಿಂದ ಹೆಚ್ಚುಕಡಿಮೆ ಸೀಸನ್‌ಗೆ ಒಂದು ಮ್ಯಾಚ್ ಹಸಿರಲ್ಲಿ ಆಡಿದ್ದಾರೆ, ಸೋತದ್ದೇ ಜಾಸ್ತಿ. 2024ರಲ್ಲಿ ಕೋಲ್ಕತ್ತದ ಮೇಲೆ ಒಂದೇ ಒಂದು ರನ್ನಿಂದ ಹೋಯಿತು. ಆದರೆ 2016ರಲ್ಲಿ ಕೊಹ್ಲಿ, ಎಬಿಡಿ (ಡಿವಿಲಿಯರ್ಸ್) ಇಬ್ಬರೂ ನೂರು ಹೊಡೆದು ಗುಜರಾತ್ ಲಯನ್ಸ್ ಮೇಲೆ 144 ರನ್ನಿಂದ ಗೆದ್ದದ್ದೂ ಹಸಿರಲ್ಲೇ. 2025ರಲ್ಲಿ ಜೈಪುರದಲ್ಲಿ 9 ವಿಕೆಟ್‌ನಿಂದ ಗೆದ್ದದ್ದೂ ಹಸಿರಲ್ಲೇ. ಬಣ್ಣದ ಬಗ್ಗೆ ಈಗ ನನಗೆ ಅಷ್ಟು ಗಟ್ಟಿ ಇಲ್ಲ.

ಮಗಳಿಗೆ ಹೆಸರಿಲ್ಲದ ಜರ್ಸಿ ಕೊಡಿಸಿದರೆ ಅವಳಿಗೆ ಬೇಜಾರಾಗುತ್ತದೆ. ಅವಳು ಕೇಳಿದ್ದು ಜರ್ಸಿಯನ್ನಲ್ಲ, ಹೆಸರನ್ನು.

ಲೆಕ್ಕದ_ಮೇಷ್ಟ್ರು:

ಕಣಜ ಅವರೇ, ನಾನು ಕಲಬುರಗಿಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಿಮ್ಮ ನೋವನ್ನು ಹಗುರ ಮಾಡಿ ನೋಡುತ್ತಿಲ್ಲ. ಆದರೆ ನೀವು ಹೊತ್ತಿರುವ ಭಾರ ನಿಮ್ಮದಲ್ಲ ಅಂತ ತೋರಿಸಬೇಕು ಅನಿಸಿತು.

ನೀವು ಜರ್ಸಿ ಕೊಂಡ ಸಮಯ ನೋಡಿ. ರಾಹುಲ್‌ದು 397 ರನ್ ಆದ ಮೇಲೆ. ಪಡಿಕ್ಕಲ್‌ದು ನೂರು ಹೊಡೆದ ಮೇಲೆ. ಸಿರಾಜ್‌ದು ಏಷ್ಯಾ ಕಪ್ ಆದ ಮೇಲೆ. ಎಲ್ಲರೂ ಹಾಗೇ, ಆಟಗಾರ ತನ್ನ ತುದಿಯಲ್ಲಿ ಇರುವಾಗಲೇ ನಮಗೆ ಅವನ ಹೆಸರು ಬೆನ್ನ ಮೇಲೆ ಬೇಕು ಅನಿಸುತ್ತದೆ. ತುದಿಯಿಂದ ಮುಂದಿನ ಹೆಜ್ಜೆ ಇಳಿಯುವುದೇ ಆಗಿರುತ್ತದೆ, ನೀವು ಕೊಂಡರೂ ಕೊಳ್ಳದಿದ್ದರೂ. ಲೆಕ್ಕದಲ್ಲಿ ಇದಕ್ಕೆ ಸರಾಸರಿಗೆ ಮರಳುವುದು ಅನ್ನುತ್ತಾರೆ. ಅಮೆರಿಕದಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟಕ್ಕೆ ಬಂದವನಿಗೆ ಕೆಟ್ಟದಾಗುತ್ತದೆ ಅಂತ ಇದೇ ಥರದ ನಂಬಿಕೆ ಇದೆ. 1954ರ ಮೊದಲ ಸಂಚಿಕೆಯ ಮುಖಪುಟದಲ್ಲಿ ಎಡ್ಡಿ ಮ್ಯಾಥ್ಯೂಸ್ ಅನ್ನುವ ಬೇಸ್‌ಬಾಲ್ ಆಟಗಾರ ಇದ್ದ, ಸ್ವಲ್ಪ ದಿನಕ್ಕೇ ಅವನ ಕೈಗೆ ಪೆಟ್ಟಾಯಿತು. ನಂಬಿಕೆ ಅಲ್ಲಿಂದ ಬೆಳೆಯಿತು.

ಇನ್ನು ಟೀಮ್ ಬಿಡುವುದು. 2018, 2022, 2025, ಈ ಮೂರೂ ಸೀಸನ್‌ಗೆ ಮುಂಚೆ ದೊಡ್ಡ ಹರಾಜು ನಡೆದಿದೆ. ನಿಮ್ಮ ಮೂವರೂ ಹೋದದ್ದು ಆ ಮೂರು ಹರಾಜಿನಲ್ಲೇ. 2025ಕ್ಕೆ ನಮ್ಮ ಟೀಮ್ ಉಳಿಸಿಕೊಂಡದ್ದು ಕೊಹ್ಲಿ, ಪಾಟೀದಾರ್, ಯಶ್ ದಯಾಳ್, ಮೂರೇ ಜನ. ಅಂದರೆ ಆ ವರ್ಷ ನೀವು ಕಣ್ಣು ಮುಚ್ಚಿ ಯಾರ ಹೆಸರು ಹಾಕಿಸಿದ್ದರೂ ಅವರು ಹೋಗುವ ಸಂಭವವೇ ಜಾಸ್ತಿ ಇತ್ತು. ರಾಜ್ಯದ ಟಿ20 ಲೀಗಿನ ನಮ್ಮ ಗುಲ್ಬರ್ಗ ಮಿಸ್ಟಿಕ್ಸ್‌ನೇ ನೋಡಿ. 2022ರಲ್ಲಿ ಮನೀಶ್ ಪಾಂಡೆ ನಾಯಕನಾಗಿ ಮಹಾರಾಜ ಟ್ರೋಫಿ ಗೆದ್ದುಕೊಟ್ಟ, 2023ರಲ್ಲಿ ಅದೇ ಪಾಂಡೆ ಹುಬ್ಬಳ್ಳಿ ಟೈಗರ್ಸ್‌ಗೆ ಗೆದ್ದುಕೊಟ್ಟ. ಅವನ ಹೆಸರಿನ ಮಿಸ್ಟಿಕ್ಸ್ ಜರ್ಸಿಯನ್ನು ಕಲಬುರಗಿಯಲ್ಲಿ ನಾನು ಒಬ್ಬರ ಮೈಮೇಲೂ ನೋಡಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ಈ ಮೂವರನ್ನು ಬಿಟ್ಟು ಬೇರೆ ಯಾರ ಹೆಸರಿನ ಜರ್ಸಿಯನ್ನೂ ನೀವು ಕೊಂಡಿಲ್ಲವಾ?

ಆಟಗಾರರಲ್ಲೂ ಇದು ಇದೆ, ನಾಚಿಕೆ ಪಡುವ ವಿಷಯ ಅಲ್ಲ. ಸಚಿನ್ ಎಡಗಾಲಿನ ಪ್ಯಾಡನ್ನೇ ಮೊದಲು ಕಟ್ಟುತ್ತಿದ್ದ. ಮೊಹಿಂದರ್ ಅಮರನಾಥ್ ಜೇಬಿನಲ್ಲಿ ಕೆಂಪು ಕರವಸ್ತ್ರ ಇರುತ್ತಿತ್ತು. ಸೆಹ್ವಾಗ್ ನಂಬರೇ ಇಲ್ಲದ ಜರ್ಸಿ ಹಾಕಿ ಆಡಿದ. ಅವರಿಗೆ ಅದರಿಂದ ಕ್ರೀಸಿಗೆ ಹೋಗುವಾಗ ಮನಸ್ಸು ನಿಲ್ಲುತ್ತಿತ್ತು. ನಿಮ್ಮ ನಂಬಿಕೆಯಿಂದ ನಿಮ್ಮ ಮನಸ್ಸು ನಿಲ್ಲುತ್ತಿಲ್ಲ, ಕೆಡುತ್ತಿದೆ. ಅದಕ್ಕೇ ಇಷ್ಟು ಬರೆದೆ.

ಕಣಜ_ಕಲಬುರಗಿ:

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಟ್ರಂಕ್ ತೆಗೆದು ನೋಡಿದೆ. ಇನ್ನೊಂದು ಇದೆ. ಎಬಿಡಿ, 17. 2015ರಲ್ಲಿ ಕೊಂಡದ್ದು. ಅವನು ಎಲ್ಲೂ ಹೋಗಲಿಲ್ಲ. 2021ರಲ್ಲಿ ನಿವೃತ್ತಿ ಆಗುವವರೆಗೆ ನಮ್ಮಲ್ಲೇ ಇದ್ದ. 2023ರಲ್ಲಿ ಗೇಲ್‌ನ 333ರ ಜೊತೆ ಅವನ 17ನ್ನೂ ಬೇರೆ ಯಾರಿಗೂ ಕೊಡಲ್ಲ ಅಂತ ಟೀಮ್ ಎತ್ತಿಟ್ಟಿತು. ಆ ಜರ್ಸಿಯನ್ನು ನಾನು ಮನೆಯಲ್ಲಿ ಮಲಗುವಾಗ ಹಾಕಿ ಹಾಕಿ ಕತ್ತಿನ ಪಟ್ಟಿ ಹರಿದಿದೆ. ಎಷ್ಟು ಸಲ ಈ ಲೆಕ್ಕ ಮಾಡಿದ್ದೇನೆ, ಒಂದು ಸಲವೂ ಅದು ನೆನಪಿಗೆ ಬಂದಿರಲಿಲ್ಲ.

ಆದರೂ ಶ್ರೇಯಾಂಕಾ ವಿಷಯ ಮನಸ್ಸಿಂದ ಹೋಗುತ್ತಿಲ್ಲ. ಅವಳು ಇನ್ನೂ ಚಿಕ್ಕವಳು, ಮುಂದೆ ಬಹಳ ಆಡಬೇಕು.

ರೇಡ್_ಯಾದಗಿರಿ:

ನಾನು ಕ್ರಿಕೆಟ್ ಕಡಿಮೆ ನೋಡುತ್ತೇನೆ, ಕಬಡ್ಡಿಯವನು. ನಮ್ಮ ಯಾದಗಿರಿ ಕಡೆ ಹಳ್ಳಿಗಳಲ್ಲಿ ಜಾತ್ರೆ ಬಂದರೆ ಕಬಡ್ಡಿ ಇದ್ದೇ ಇರುತ್ತದೆ. ನನ್ನದು ನಿಮ್ಮ ಕತೆಗೆ ಉಲ್ಟಾ.

ಪವನ್ ಸೆಹ್ರಾವತ್. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ, ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್. ಅವನ ಜರ್ಸಿ ಕೊಳ್ಳಬೇಕು ಅಂತ ನನಗೆ ಬಹಳ ಆಸೆ ಇತ್ತು, ನಿಮ್ಮ ಥರದ್ದೇ ಭಯದಿಂದ ಕೊಳ್ಳಲಿಲ್ಲ. ನನ್ನ ಗೆಳೆಯರು ಕೊಂಡರು, ನಾನು ಕೊಳ್ಳಲಿಲ್ಲ. ಮುಟ್ಟಲೂ ಇಲ್ಲ. 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್‌ಗೆ ಹೋದ. ಆ ಸೀಸನ್‌ನ ಅವನ ಮೊದಲ ಮ್ಯಾಚು ನಮ್ಮ ಬೆಂಗಳೂರಿನ ಕಂಠೀರವದಲ್ಲೇ ಇತ್ತು. ಬುಲ್ಸ್ ಬಿಟ್ಟು ಬೇರೆ ಬಣ್ಣದಲ್ಲಿ ಬಂದ. ಆ ಮೊದಲ ಮ್ಯಾಚಿನಲ್ಲೇ ಮಂಡಿ ಹೋಯಿತು. ಹೊತ್ತುಕೊಂಡು ಹೋದರು. ಇಡೀ ಸೀಸನ್ ಆಡಲಿಲ್ಲ.

ನಾನು ಜರ್ಸಿ ಕೊಳ್ಳದೆ ಅವನನ್ನು ಉಳಿಸಿದ್ದೇನೆ ಅಂದುಕೊಂಡಿದ್ದೆ. ಉಳಿಯಲಿಲ್ಲ ಅಲ್ವಾ? ಮಂಡಿ, ಭುಜ, ಬೆರಳು, ಇವೆಲ್ಲ ಆಡುವವರಿಗೆ ಆಗುತ್ತವೆ. ನನಗೆ ಉಳಿದದ್ದು ಒಂದೇ ಬೇಜಾರು. ಅವನು ನಮ್ಮವನಾಗಿದ್ದಾಗ ಆ ಜರ್ಸಿ ಹಾಕಿಕೊಂಡು ಒಂದು ದಿನವೂ ಕುಣಿಯಲಿಲ್ಲ.

ಆಫ್‌ಸ್ಪಿನ್_ಅಕ್ಕ:

ಅಣ್ಣ, ನಾನು ಶಾಲೆಯಲ್ಲಿ ಪಿಟಿ ಟೀಚರ್, ಬೀದರ್ ಜಿಲ್ಲೆ. ನಾನೂ ಆಫ್‌ಸ್ಪಿನ್ ಹಾಕುತ್ತಿದ್ದವಳು. ಹಾಗಾಗಿ ನಿಮ್ಮ ಮಗಳ ಪರ ನಾನು.

ಮೊದಲು ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ನೀವು ಮಾತು ಕೊಟ್ಟದ್ದು 2024ರ ದೀಪಾವಳಿ ದಿನ. ಶ್ರೇಯಾಂಕಾಗೆ ಬೆರಳಿಗೆ ಪೆಟ್ಟಾಗಿ ಏಷ್ಯಾ ಕಪ್‌ನಿಂದ ಹೊರಗೆ ಬಂದದ್ದು ಅದೇ ವರ್ಷ ಜುಲೈನಲ್ಲಿ. ಆಗ ನೀವು ಯಾವ ಮಾತೂ ಕೊಟ್ಟಿರಲಿಲ್ಲ. ಗಾಯಗಳು ನಿಮ್ಮ ಮಾತಿಗಿಂತ ಮೊದಲೇ ಶುರುವಾಗಿದ್ದವು. ಬೌಲರ್ ದೇಹ ಹಾಗೇ, ಓಡಿ ಬಂದು ಮುಂಗಾಲು ಊರಿದಾಗ ಮೈಯ ಭಾರವೆಲ್ಲ ಆ ಒಂದು ಕಾಲಿನ ಮೇಲೆ ಬೀಳುತ್ತದೆ, ದಿನಕ್ಕೆ ನೂರು ಸಲ. ಸ್ಪಿನ್ನರ್‌ಗೆ ಬೆರಳೂ ಸೇರಿ. ಅವರೇ ತಮ್ಮ ಬೌಲಿಂಗಿಗೆ ಬಂದ ಬಾಲನ್ನು ತಡೆಯಲು ಕೈ ಚಾಚುತ್ತಾರೆ.

ಎರಡನೇದು. ನನ್ನ ಕಾಲದಲ್ಲಿ ಹಾಕಿಕೊಳ್ಳಲು ಹೆಣ್ಣುಮಗಳ ಹೆಸರಿನ ಜರ್ಸಿಯೇ ಇರಲಿಲ್ಲ. ನಾನು ಆಡುವಾಗ ನನ್ನ ಬೆನ್ನ ಮೇಲೆ ದ್ರಾವಿಡ್ ಅಂತ ಇರುತ್ತಿತ್ತು, ಅಣ್ಣನ ಹಳೆ ಜರ್ಸಿ. ದ್ರಾವಿಡ್ ಅಂದರೆ ನನಗೆ ಇವತ್ತಿಗೂ ಪ್ರಾಣ. ಆದರೆ ಅದನ್ನು ನೋಡಿ ನಾನೂ ಹೀಗೆ ಆಗಬಹುದು ಅಂತ ಒಂದು ದಿನವೂ ಅನಿಸಲಿಲ್ಲ. ನಿಮ್ಮ ಮಗಳಿಗೆ ಅನಿಸುತ್ತಿದೆ. ಅವಳು ನೋಡಿದ ಫೈನಲ್‌ನಲ್ಲಿ ಕನ್ನಡದ ಹುಡುಗಿ ನಾಲ್ಕು ವಿಕೆಟ್ ತೆಗೆದಳು, 13 ವಿಕೆಟ್ ಜೊತೆ, ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದವರಿಗೆ ಕೊಡುವ ಪರ್ಪಲ್ ಕ್ಯಾಪನ್ನು ಆ ಸೀಸನ್‌ಗೆ ತಗೊಂಡಳು. ನಮ್ಮ ಗಂಡುಮಕ್ಕಳು ಹದಿನೆಂಟು ವರ್ಷ ಕಾದ ಕಪ್ಪನ್ನು ಹೆಣ್ಣುಮಕ್ಕಳು ಎರಡನೇ ಸೀಸನ್‌ಗೇ ತಂದರು. ಆ ಹೆಸರನ್ನು ಬೆನ್ನ ಮೇಲೆ ಹೊತ್ತು ಓಣಿಯಲ್ಲಿ ಬೌಲಿಂಗ್ ಮಾಡುವ ಹತ್ತು ವರ್ಷದ ಹುಡುಗಿಗೆ ಏನು ಆಗುತ್ತದೆ ಅಂತ ನಾನು ಶಾಲೆಯಲ್ಲಿ ಕಣ್ಣಾರೆ ನೋಡಿದ್ದೇನೆ. ರನ್ ಅಪ್ ಉದ್ದ ಆಗುತ್ತದೆ. ನಿಜವಾಗಿ. ಮುಂಚೆ ನಾಲ್ಕು ಹೆಜ್ಜೆ ಇಟ್ಟು ಹೆದರಿ ಹಾಕುವವರು ಏಳೆಂಟು ಹೆಜ್ಜೆ ಓಡಿ ಬರುತ್ತಾರೆ.

ನಿಮಗೆ ಭಯ ಪೂರ್ತಿ ಹೋಗದಿದ್ದರೆ ಒಂದು ದಾರಿ ಇದೆ. ನೀವು ಕೊಳ್ಳಬೇಡಿ, ಅವಳ ಕೈಯಿಂದ ದುಡ್ಡು ಕೊಡಿಸಿ. ಆಗ ಅದು ಅವಳು ಕೊಂಡದ್ದು.

ಅಂಗಡಿಗಳಲ್ಲಿ ಹೆಣ್ಣು ಆಟಗಾರರ ಹೆಸರಿನದು ಸಿದ್ಧವಾಗಿ ಸಿಗುವುದು ಕಷ್ಟ. ಜರ್ಸಿ ಪ್ರಿಂಟ್ ಮಾಡುವವರ ಹತ್ತಿರ ಹೆಸರು ಸೇರಿಸಿಯೇ ಮಾಡಿಸಿ. ಅಂಟಿಸುವ ಪ್ರಿಂಟಿಗಿಂತ ಬಟ್ಟೆಗೇ ಬಣ್ಣ ಇಳಿಯುವ ಸಬ್ಲಿಮೇಷನ್ ಒಳ್ಳೆಯದು. ಅಂಟಿಸಿದ್ದಾದರೆ ನಮ್ಮ ಕಡೆಯ ಬಿಸಿಲಿಗೆ, ಬೋರಿನ ಗಡಸು ನೀರಿಗೆ ಎರಡೇ ತಿಂಗಳಲ್ಲಿ ಸೀಳು ಬಿಡುತ್ತದೆ. ಒಳಗಿನದು ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಹೆಸರಿನ ಮೇಲೆ ಇಸ್ತ್ರಿ ಇಡಬೇಡಿ. ಒಂದು ಸೈಜ್ ದೊಡ್ಡದೇ ತಗೊಳ್ಳಿ.

ಸೇಡಂ_ಹುಡುಗಿ:

ಇಲ್ಲಿ ಬರೆಯಲಾ ಬೇಡವಾ ಅಂತ ಯೋಚನೆ ಮಾಡಿದೆ. ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತೇನೆ. 2025ರ ಜೂನ್ 3ರ ರಾತ್ರಿ ನಾನು ಹಾಕಿದ್ದ ಜರ್ಸಿಯನ್ನು ಎಲ್ಲರೂ ಲಕ್ಕಿ ಜರ್ಸಿ ಅಂದರು. ಮರುದಿನ ಅದನ್ನೇ ಹಾಕಿಕೊಂಡು ಗೆಳತಿಯರ ಜೊತೆ ಚಿನ್ನಸ್ವಾಮಿಯ ವಿಜಯೋತ್ಸವಕ್ಕೆ ಹೊರಟೆ. ಮೆಟ್ರೋದಲ್ಲೇ ಜನ ನೋಡಿ ಉಸಿರು ಕಟ್ಟಿತು, ನಡುವೆಯೇ ಇಳಿದು ವಾಪಸ್ ಬಂದೆವು. ಅವತ್ತು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಅವರಲ್ಲೂ ಎಷ್ಟೋ ಜನ ಆ ಜರ್ಸಿಯನ್ನು ಆಸೆಯಿಂದ ಹಾಕಿಕೊಂಡೇ ಮನೆಯಿಂದ ಹೊರಟಿರಬೇಕು.

ಆಮೇಲೆ ಆ ಜರ್ಸಿಯನ್ನು ಲಕ್ಕಿ ಅಂತ ಕರೆಯಲು ನನ್ನಿಂದ ಆಗಿಲ್ಲ. ಕೆಟ್ಟದ್ದು ಅಂತಲೂ ಅನ್ನಲ್ಲ. ತಿಂಗಳುಗಟ್ಟಲೆ ಬ್ಯಾಗಿನ ತಳದಲ್ಲಿತ್ತು. ದಸರಾಗೆ ಊರಿಗೆ ಬಂದಾಗ ಅಜ್ಜಿ ತೆಗೆದು ಒಗೆದು ಕೊಟ್ಟಳು, ಹಾಕಿಕೊಂಡೆ. ಅಣ್ಣ, ಬಟ್ಟೆಗೆ ಅಷ್ಟು ದೊಡ್ಡ ಭಾರ ಹೊರಿಸಬೇಡಿ. ಮಗುವಿಗೆ ಕೊಡಿಸಿ.

ಕಣಜ_ಕಲಬುರಗಿ:

ಎಲ್ಲರ ಮಾತೂ ಓದಿದೆ, ಮನೆಯವಳಿಗೂ ಓದಿ ಹೇಳಿದೆ. ಹದಿನೆಂಟರವ, ನಿಮ್ಮ ಅವ್ವನ ವಿಷಯ ಓದಿದಾಗ ಅವಳು ಎದ್ದು ಒಳಗೆ ಹೋದಳು. ಸೇಡಂ ಹುಡುಗಿ, ನೀನು ಬರೆದದ್ದು ಒಳ್ಳೆಯದಾಯಿತು ತಾಯಿ.

ಅಕ್ಕ, ಜುಲೈ ತಿಂಗಳ ಮಾತನ್ನು ನಾನು ಪೂರ್ತಿ ಮರೆತಿದ್ದೆ. ಅದು ಓದಿದ ಮೇಲೆ ರಾತ್ರಿ ನಿದ್ದೆ ಬಂತು. ಭಯ ಪೂರ್ತಿ ಹೋಗಿದೆ ಅಂತ ಹೇಳಲ್ಲ, ಇನ್ನೂ ಒಂದು ಎಳೆ ಇದೆ. ಅದಕ್ಕೆ ನೀವು ಹೇಳಿದ ಹಾಗೇ ಮಾಡಿದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಮಣ್ಣಿನ ಹುಂಡಿ ಮಗಳ ಹತ್ತಿರ ಇತ್ತು, ಅಜ್ಜಿ ಕೊಟ್ಟ ದುಡ್ಡೆಲ್ಲ ಅದರಲ್ಲಿ. ಭಾನುವಾರ ಬೆಳಿಗ್ಗೆ ಅವಳೇ ಒಡೆದಳು. 340 ರೂಪಾಯಿ ಇತ್ತು. ಸಾಲದ್ದನ್ನು ಅವಳ ಅಮ್ಮ ಕೊಟ್ಟಳು. ನಾನು ಬರೀ ಗಾಡಿ ಓಡಿಸಿಕೊಂಡು ಕರೆದುಕೊಂಡು ಹೋದೆ.

ಅಂಗಡಿಯವನು ನನ್ನ ಕಡೆ ನೋಡಿ ಹೆಸರು, ನಂಬರ್ ಏನು ಅಂತ ಕೇಳಿದ. ನಾನು ಬಾಯಿ ಬಿಡಲಿಲ್ಲ. ಅವಳೇ ಕಾಲ ಬೆರಳ ಮೇಲೆ ನಿಂತು ಕೌಂಟರ್ ಹಿಡಿದುಕೊಂಡು ಒಂದೊಂದೇ ಅಕ್ಷರ ಹೇಳಿದಳು, ನಂಬರೂ ಹೇಳಿದಳು. ಕನ್ನಡದಲ್ಲಿ ಹಾಕ್ತೀರಾ ಅಂತ ಕೇಳಿದಳು, ಹಾಕ್ತೀನಿ ಅಂದ. ಒಂದು ಸೈಜ್ ದೊಡ್ಡದೇ ತಗೊಂಡಿದ್ದೇವೆ. ಸಬ್ಲಿಮೇಷನ್ ಅಂತ ಎರಡು ಸಲ ಹೇಳಿದ್ದೇನೆ.

ಬುಧವಾರ ಕೊಡುತ್ತಾನಂತೆ. ರಸೀದಿಯನ್ನು ನನ್ನ ಕೈಗೆ ಕೊಟ್ಟಿಲ್ಲ, ಅವಳ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದಾಳೆ.